ಗಣಿತಾಚಾರ್ಯ ಮಹಾವೀರ

ಅಳತೆಯಿಲ್ಲದೆ ಲೋಕವ್ಯವಹಾರವಿಲ್ಲ. ಹೊಲದ ವಿಸ್ತಾರ, ಕಣಜದ ಧಾನ್ಯ, ಚಿನ್ನದ ತೂಕ, ದಿನದ ಹೊತ್ತು ಇವೆಲ್ಲಕ್ಕೂ ಸರ್ವರೂ ಒಪ್ಪುವ ಮಾನವೊಂದು ಬೇಕು. ಕೊಡುವವನ ಕೊಳಗವೊಂದು, ಕೊಳ್ಳುವವನ ಕೊಳಗ ಮತ್ತೊಂದು ಆದರೆ ನ್ಯಾಯಕ್ಕೆ ಎಡೆಯೆಲ್ಲಿ? ಇಂಥ ಮಾನಗಳನ್ನು ಕ್ರಮವಾಗಿ ಜೋಡಿಸಿ ಗಣಿತಾಭ್ಯಾಸಿಗಳ ಕೈಗಿತ್ತ ಮಹನೀಯರಲ್ಲಿ ಮಹಾವೀರಾಚಾರ್ಯನು ಅಗ್ರಗಣ್ಯನು.

ಮಹಾವೀರಾಚಾರ್ಯನು ಕ್ರಿ. ಶ. 9ನೆಯ ಶತಮಾನದಲ್ಲಿ ಬಾಳಿದ ಜೈನ ವಿದ್ವಾಂಸ. ಆಗ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ನಾಡನ್ನಾಳುತ್ತಿದ್ದನು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ರಾಜಧಾನಿ. ಕನ್ನಡದ ‘ಕವಿರಾಜಮಾರ್ಗ’ವು ಹುಟ್ಟಿದ್ದೂ ಆ ಅರಸನ ಆಶ್ರಯದಲ್ಲಿಯೇ. ಸುಮಾರು 850ರಲ್ಲಿ ಮಹಾವೀರನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಆರಂಭದಲ್ಲಿ ದೊರೆಯನ್ನು ಕೊಂಡಾಡಿದನೇ ಹೊರತು ತನ್ನ ಹಿರಿಮೆಯನ್ನು ಸಾರಿಕೊಳ್ಳಲಿಲ್ಲ. ಪೂರ್ವಾಚಾರ್ಯರ ಜ್ಞಾನಸಾಗರದಿಂದ ಕೆಲವು ರತ್ನಗಳನ್ನು ಆಯ್ದು ತಂದಿರುವುದಾಗಿ ವಿನಯದಿಂದ ಅರುಹಿದನು.

ಅಂದಿನವರೆಗೆ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಅಂಗವಾಗಿತ್ತು. ಮಹಾವೀರನಾದರೋ ಗಣಿತಕ್ಕಾಗಿಯೇ ಗ್ರಂಥವನ್ನು ಮೀಸಲಿಟ್ಟನು. ಲೆಕ್ಕಗಳನ್ನು ತೊಡಗುವ ಮುನ್ನ ಮೊದಲನೆಯ ಅಧ್ಯಾಯದಲ್ಲಿ ಪರಿಭಾಷೆಗಳನ್ನೂ ಮಾನಗಳ ಕೋಷ್ಟಕಗಳನ್ನೂ ಕೊಟ್ಟನು. 8 ಯವೆಗಳಿಗೆ 1 ಅಂಗುಲ, 6 ಅಂಗುಲಗಳಿಗೆ 1 ಪಾದ, 2 ಪಾದಗಳಿಗೆ 1 ವಿತಸ್ತಿ, 2 ವಿತಸ್ತಿಗಳಿಗೆ 1 ಹಸ್ತ, 4 ಹಸ್ತಗಳಿಗೆ 1 ದಂಡ, 2000 ದಂಡಗಳಿಗೆ 1 ಕ್ರೋಶ, 4 ಕ್ರೋಶಗಳಿಗೆ 1 ಯೋಜನ. ಕಾಲದ ಅಳತೆಯಲ್ಲಿ 7 ಉಚ್ಛ್ವಾಸಗಳಿಗೆ 1 ಸ್ತೋಕ, 7 ಸ್ತೋಕಗಳಿಗೆ 1 ಲವ, ಮೂವತ್ತೆಂಟೂವರೆ ಲವಗಳಿಗೆ 1 ಘಟಿ, 2 ಘಟಿಗಳಿಗೆ 1 ಮುಹೂರ್ತ, 30 ಮುಹೂರ್ತಗಳಿಗೆ 1 ದಿನ. ಧಾನ್ಯ, ಚಿನ್ನ, ಬೆಳ್ಳಿ, ಲೋಹಗಳಿಗೂ ಬೇರೆ ಬೇರೆ ಕೋಷ್ಟಕಗಳುಂಟು. ಸಂಖ್ಯೆಗಳಿಗಾದರೆ, ಏಕದಿಂದ ಮಹಾಕ್ಷೋಭದವರೆಗೆ ಹತ್ತು ಹತ್ತು ಪಟ್ಟು ಹೆಚ್ಚುವ 24 ಸ್ಥಾನಗಳನ್ನು ಹೆಸರಿಸಿದನು.

ಅಂಗುಲವೆಂಬ ಒಂದೇ ಹೆಸರು ಹಲವು ಅಳತೆಗಳಿಗೆ ಸಲ್ಲುತ್ತಿತ್ತು. ಆಯಾ ಕಾಲದ ಮನುಷ್ಯರ ಬೆರಳಿಗೆ ಅನುಗುಣವಾದುದು ಆತ್ಮಾಂಗುಲ, ಬಳಕೆಯದು ವ್ಯವಹಾರಾಂಗುಲ, ಅದರ 500 ಪಟ್ಟಿನದು ಪ್ರಮಾಣಾಂಗುಲ. ಈ ಭೇದವನ್ನು ಮೊದಲೇ ವಿಶದಪಡಿಸಿದುದರಿಂದ ಓದುಗನು ಗೊಂದಲಕ್ಕೀಡಾಗುವ ಭಯ ತಪ್ಪಿತು.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಆತನು ಸ್ಪಷ್ಟವಾಗಿ ತಿಳಿಸಿದನು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆಂಬ ಆತನ ಮತವನ್ನು ಮಾತ್ರ ಇಂದಿನ ಗಣಿತವು ಒಪ್ಪುವುದಿಲ್ಲ. ಆದರೆ ಇದರಿಂದ ಆತನ ಸಾಧನೆಗೆ ಕುಂದಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಮಲೆನಾಡಿನ ಹೊಂಬುಜದಿಂದ 2000ರಲ್ಲಿ ಕನ್ನಡ ಅನುವಾದವೂ ಹೊರಬಂದಿತು.

1875ರಲ್ಲಿ 17 ರಾಷ್ಟ್ರಗಳು ಪ್ಯಾರಿಸ್ಸಿನಲ್ಲಿ ಕೂಡಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತವು 1956ರ ಶಾಸನದ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಯವೆ, ದಂಡ, ಯೋಜನಗಳು ಬಳಕೆಯಿಂದ ಮರೆಯಾದವು. ಆದರೆ ಅಳತೆಯು ಒಬ್ಬನ ಸ್ವತ್ತಲ್ಲ, ಅದು ಎಲ್ಲರಿಗೂ ತಿಳಿದಿರಬೇಕು ಎಂಬ ತತ್ತ್ವವು ಮರೆಯಾಗಲಿಲ್ಲ. ಆ ತತ್ತ್ವಕ್ಕೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಗ್ರಂಥರೂಪವನ್ನಿತ್ತ ಮಹಾವೀರಾಚಾರ್ಯನ ಹೆಸರು ಚಿರಸ್ಮರಣೀಯವಾದುದು.