ವಾಡಿಯಾ ರಸ್ತೆಯೂ ಗಿರಣಿಯ ಗೇಟೂ

ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿಬರುವವರಲ್ಲಿ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆ ಕಂಡವರು ಬೇಕಾದಷ್ಟು ಮಂದಿ. ಈ ವಾಡಿಯಾ ಯಾರು ಅಂದ್ರೆ, ಪುಸ್ತಕ, ಭಾಷಣ, ಥಿಯಾಸಫಿ ಅಂತ ಬಾಳಿದ ಪಾರ್ಸಿ ಹಿರಿಯರು ಎಂಬಷ್ಟೇ ಉತ್ತರ ಸಿಕ್ಕೀತು. ಆದರೆ ಕಾರ್ಖಾನೆಯಲ್ಲಿ ಸಂಘ ಕಟ್ಟಿದವನ ಅನ್ನಕ್ಕೆ ರಕ್ಷಣೆ ಯಾರು ಕೊಡಬೇಕು ಎಂಬ ಪ್ರಶ್ನೆಗೂ ಈ ಹೆಸರಿಗೂ ಹತ್ತಿರದ ನಂಟುಂಟು.

ವಾಡಿಯಾ ಹುಟ್ಟಿದ್ದು 1881ರಲ್ಲಿ. ಮುಂಬಯಿ ಬಿಟ್ಟು ಮದ್ರಾಸಿನ ಅಡ್ಯಾರಿಗೆ ಬಂದು, ಆನಿ ಬೆಸೆಂಟರ ನ್ಯೂ ಇಂಡಿಯಾ ಪತ್ರಿಕೆಯಲ್ಲಿ ದುಡಿದರು. ಹೋಂರೂಲ್ ಚಳವಳಿಯ ಬಿಸಿಯಲ್ಲಿ, 1917ರಲ್ಲಿ, ಸರ್ಕಾರ ಬೆಸೆಂಟರ ಜತೆ ಇವರನ್ನೂ ಊಟಿಯಲ್ಲಿ ಕೂಡಿಹಾಕಿತು.

ಆಗ ಮದ್ರಾಸಿನ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳಿದ್ದವು. ನಡೆಸುತ್ತಿದ್ದವರು ಬಿನ್ನಿ ಕಂಪನಿಯವರು. ಬೆಂಗಳೂರಿನ ಬಿನ್ನಿ ಮಿಲ್ಲೂ ಅವರದೇ ಕೈಯಲ್ಲಿತ್ತು. ಮಧ್ಯಾಹ್ನ ಒಂದು ತುತ್ತು ನೆಮ್ಮದಿಯಾಗಿ ಉಣ್ಣಲೂ ಹೊತ್ತಿಲ್ಲ ಎಂಬ ಕೂಲಿಗಾರರ ಗೋಳನ್ನು ವಾಡಿಯಾರ ಹತ್ತಿರ ತಂದವರು ದೊಡ್ಡ ರಾಜಕಾರಣಿಗಳಲ್ಲ. ಸೆಲ್ವಪತಿ ಚೆಟ್ಟಿ, ರಾಮಾನುಜುಲು ನಾಯ್ಡು ಎಂಬ ಸಣ್ಣ ವ್ಯಾಪಾರಿಗಳು. ಗಿರಾಕಿಯ ಮನೆಯ ಕಷ್ಟ ಅಂಗಡಿಯವನಿಗಿಂತ ಬೇರೆ ಯಾರಿಗೆ ಚೆನ್ನಾಗಿ ಗೊತ್ತಾದೀತು!

1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ವಾಡಿಯಾ ಅಧ್ಯಕ್ಷರಾದರು. ದೇಶದ ಮೊದಲ ಕ್ರಮಬದ್ಧ ಕಾರ್ಮಿಕ ಸಂಘ ಇದೇ ಎಂದು ಚರಿತ್ರೆಕಾರರು ಲೆಕ್ಕ ಹಾಕುತ್ತಾರೆ. ಆದರೆ ಸಂಘಕ್ಕಾಗಲಿ, ಅದರ ಪದಾಧಿಕಾರಿಗಳಿಗಾಗಲಿ ಕಾನೂನಿನ ಆಸರೆ ಎಳ್ಳಷ್ಟೂ ಇರಲಿಲ್ಲ.

ಪೆಟ್ಟು ಬಿದ್ದದ್ದು 1920ರಲ್ಲಿ. ಅಕ್ಟೋಬರ್ ತಿಂಗಳಲ್ಲಿ ಜಗಳ ಹತ್ತಿ ಗಿರಣಿಗೆ ಬೀಗ ಬಿತ್ತು. ಕಂಪನಿ ನೇರ ಹೈಕೋರ್ಟಿಗೆ ಹೋಯಿತು. ಕೆಲಸದ ಕರಾರು ಮುರಿಯಲು ಕೂಲಿಗಾರರಿಗೆ ಕುಮ್ಮಕ್ಕು ಕೊಟ್ಟರು ಅಂತ ವಾಡಿಯಾ ಮತ್ತು ಸಂಗಡಿಗರ ಮೇಲೆ ದಾವೆ ಹೂಡಿ, ಪರಿಹಾರವನ್ನೂ ಕೇಳಿತು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಡಿಸೆಂಬರಿನಲ್ಲಿ ಬೀದಿಯಲ್ಲಿ ಪೊಲೀಸರ ಗುಂಡೂ ಹಾರಿತು.

1921ರ ಆರಂಭದಲ್ಲಿ ರಾಜಿಯಾಯಿತು. ಕಂಪನಿ ದಾವೆ ಹಿಂತೆಗೆದುಕೊಂಡಿತು. ಬದಲಿಗೆ ವಾಡಿಯಾ ಸಂಘದ ಸಂಬಂಧ ಕಡಿದುಕೊಳ್ಳಬೇಕಾಯಿತು. ಮುಂದಾಳುಗಳೆಂದು ಗುರುತಿಸಿದ ಕೆಲವು ಕೂಲಿಗಾರರನ್ನಂತೂ ಕಂಪನಿ ಒಳಗೆ ಸೇರಿಸಲೇ ಇಲ್ಲ. ವಾಡಿಯಾರಿಗೆ ಬೇರೆ ಬದುಕಿತ್ತು. ಆ ಕೂಲಿಗಾರರಿಗೆ ಇದ್ದದ್ದು ಮಗ್ಗವೊಂದೇ.

ಈ ಮೊಕದ್ದಮೆ ದೆಹಲಿಯವರೆಗೂ ಸದ್ದು ಮಾಡಿತು. 1921ರಲ್ಲೇ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗೆ ಕಾನೂನು ಬೇಕೆಂದು ನಿರ್ಣಯ ತಂದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. ವಾಡಿಯಾರ ಮೇಲೆ ಹಾಕಿದಂಥ ದಾವೆ ನೋಂದಾಯಿತ ಸಂಘದವರ ಮೇಲೆ ನಡೆಯದಂತಾಯಿತು. ಆದರೆ ಅದು ಕೋರ್ಟಿನ ಕಾಟಕ್ಕೆ ಮದ್ದಾಯಿತೇ ಹೊರತು, ಗೇಟಿನಿಂದ ಹೊರಹಾಕಿದವನಿಗೆ ಆಗಲಿಲ್ಲ. ನಮ್ಮ ಕಡೆಗಂತೂ ಅಷ್ಟೂ ಇಲ್ಲ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾದಾಗ ಇದು ಮೈಸೂರು ಸಂಸ್ಥಾನ, ಬ್ರಿಟಿಷ್ ಇಂಡಿಯಾದ ಆ ಕಾಯಿದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ.

ಗೇಟಿನ ರಕ್ಷಣೆ ಬಂದದ್ದು ಸ್ವಾತಂತ್ರ್ಯದ ನಂತರ. 1947ರ ಔದ್ಯೋಗಿಕ ವಿವಾದಗಳ ಕಾಯಿದೆಗೆ ಮುಂದೆ ಆದ ತಿದ್ದುಪಡಿಗಳಲ್ಲಿ ಸಂರಕ್ಷಿತ ಕಾರ್ಮಿಕ ಎಂಬ ಏರ್ಪಾಡಾಯಿತು. ನೂರಕ್ಕೆ ಒಬ್ಬರು, ಕಡಿಮೆಯೆಂದರೆ 5, ಹೆಚ್ಚೆಂದರೆ 100 ಮಂದಿ ಪದಾಧಿಕಾರಿಗಳು. ವಿವಾದ ವಿಚಾರಣೆಯಲ್ಲಿರುವಾಗ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಅವರನ್ನು ವಜಾ ಮಾಡುವ ಹಾಗಿಲ್ಲ. ಸಂಘದ ಕೆಲಸ ಮಾಡಿದ ಎಂಬ ಕಾರಣಕ್ಕೇ ಕೆಲಸದಿಂದ ತೆಗೆಯುವುದು ಶಿಕ್ಷಾರ್ಹ ಅಪರಾಧ ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1984ರಲ್ಲಿ. ಸಂಘ ಕಟ್ಟುವವರ ಮೇಲೆ ತಾರತಮ್ಯ ಕೂಡದು ಎಂಬ 1949ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಮಾತ್ರ ಭಾರತ ಇನ್ನೂ ಸಹಿ ಮುದ್ರೆ ಒತ್ತಿಲ್ಲ.

ವಾಡಿಯಾ ಆಮೇಲೆ ಕಾರ್ಮಿಕರ ಕಡೆಯಿಂದ ಗ್ರಂಥ, ಚಿಂತನೆಯ ಕಡೆಗೆ ಹೊರಳಿದರು. 1945ರಲ್ಲಿ ಬಸವನಗುಡಿಯಲ್ಲಿ ಸಂಸ್ಕೃತಿ ಸಂಸ್ಥೆ ಕಟ್ಟಿದರು. ಇಂದು ಅದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. 1958ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಇದೆಲ್ಲ ಹಳೇ ಕಥೆ ಅಂದುಕೊಳ್ಳೋ ಹಾಗಿಲ್ಲ. 2020ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯೊಂದು 1,200ಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಬಹುಪಾಲು ಹೆಂಗಸರು. ಆರ್ಡರ್ ಇಲ್ಲ ಅನ್ನೋದು ಕಂಪನಿಯ ಕಾರಣ. ಸಂಘ ಇರುವ ಘಟಕಕ್ಕೇ ಯಾಕೆ ಬೀಗ ಅನ್ನೋದು ಸಂಘದ ಪ್ರಶ್ನೆ. ವಾರಗಟ್ಟಲೆ ಧರಣಿ ನಡೆಯಿತು. ಕೊನೆಗೆ 2021ರ ಫೆಬ್ರವರಿಯಲ್ಲಿ, ಕಂಪನಿಯ ಬೇರೆ ಘಟಕಗಳಲ್ಲಿ ಕೆಲಸ ಕೊಡುವ ಒಪ್ಪಂದವಾಯಿತು. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಯಾವ ಮನೆಯ ಸಾಮಾನಿನ ಚೀಟಿ ಎಷ್ಟು ಚಿಕ್ಕದಾಯಿತು ಅನ್ನೋದನ್ನು ಅಂಗಡಿಯವರೇ ಬಲ್ಲರು.

ಮುಂದಿನ ಸಲ ವಾಡಿಯಾ ರಸ್ತೆಯ ಬೋರ್ಡು ಕಂಡಾಗ ಆ ಹಿರಿಯರ ಜತೆಗೆ, ರಾಜಿಯಾದ ಮೇಲೂ ಗೇಟಿನ ಹೊರಗೇ ಉಳಿದ ಪೆರಂಬೂರಿನ ಕೂಲಿಗಾರರೂ ನೆನಪಾಗಲಿ. ಅವರ ಹೆಸರಿನ ರಸ್ತೆ ಎಲ್ಲೂ ಇಲ್ಲ.