ಕಾಲುವೆಗಳನ್ನು ಉಳಿಸಿದ ದೋಣಿಯಾತ್ರಿ ಟಾಮ್ ರೋಲ್ಟ್

ಇಂಗ್ಲೆಂಡಿನ ಕಾಲುವೆಗಳಲ್ಲಿ ಇಂದು ಸಾವಿರಾರು ವಿಹಾರದೋಣಿಗಳು ಸಂಚರಿಸುತ್ತವೆ. ಆದರೆ 1940ರ ದಶಕದಲ್ಲಿ ಇವುಗಳಲ್ಲಿ ಹಲವು ಹೂಳು ತುಂಬಿ, ಜೊಂಡು ಬೆಳೆದು ಮುಚ್ಚುವ ಸ್ಥಿತಿ ತಲುಪಿದ್ದವು. ಅವುಗಳತ್ತ ನಾಡಿನ ಗಮನ ಸೆಳೆದವರಲ್ಲಿ ಅಗ್ರಗಣ್ಯರು ಎಂಜಿನಿಯರ್ ಹಾಗೂ ಲೇಖಕ ಎಲ್.ಟಿ.ಸಿ. ರೋಲ್ಟ್.

ಟಾಮ್ ಎಂದೇ ಪರಿಚಿತರಾದ ರೋಲ್ಟ್ ಜನಿಸಿದ್ದು 1910ರ ಫೆಬ್ರುವರಿ 11ರಂದು, ಚೆಸ್ಟರ್ ನಗರದಲ್ಲಿ. 16ನೇ ವಯಸ್ಸಿಗೇ ಶಾಲೆ ತೊರೆದು ಯಂತ್ರವಿದ್ಯೆ ಕಲಿಯಲು ಹೊರಟ ಅವರು, ಸ್ಟೋಕ್-ಆನ್-ಟ್ರೆಂಟ್‌ನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ತರಬೇತಿ ಪಡೆದರು. ಹತ್ತಿರದ ಬಂಧುವೊಬ್ಬರು ಕೊಂಡಿದ್ದ 'ಕ್ರೆಸ್ಸಿ' ಎಂಬ ಮರದ ನ್ಯಾರೋಬೋಟ್ ಅವರಿಗೆ ಜಲಮಾರ್ಗದ ಗೀಳು ಹತ್ತಿಸಿತು.

ನ್ಯಾರೋಬೋಟ್‌ನ ಅಗಲ ಸುಮಾರು 7 ಅಡಿ, ಉದ್ದ 70 ಅಡಿಯವರೆಗೆ. ನೀರಿನ ಮಟ್ಟ ಏರಿಳಿಸಿ ದೋಣಿಗಳನ್ನು ಏರುತಗ್ಗು ದಾಟಿಸುವ ಲಾಕ್‌ಗಳನ್ನು 18ನೇ ಶತಮಾನದಲ್ಲಿ ಕಿರಿದಾಗಿ ಕಟ್ಟಿದ್ದರಿಂದ ದೋಣಿಗೂ ಈ ಆಕಾರ ಬಂತು. ದಡದಲ್ಲಿ ನಡೆಯುವ ಕುದುರೆ ದೋಣಿಯನ್ನು ಎಳೆಯುತ್ತಿತ್ತು. ಹಿಂಬದಿಯ ಪುಟ್ಟ ಕೋಣೆಯಲ್ಲೇ ಇಡೀ ಕುಟುಂಬದ ಸಂಸಾರ. ರೈಲಿನ ಪೈಪೋಟಿಯಿಂದ ಈ ಬದುಕು ಕ್ರಮೇಣ ಸೊರಗಿತು.

1939ರ ಜುಲೈನಲ್ಲಿ ರೋಲ್ಟ್ ಆಂಜೆಲಾ ಅವರನ್ನು ವಿವಾಹವಾದರು. ಮನೆಯಾಗಿ ಮಾರ್ಪಡಿಸಿದ್ದ ಕ್ರೆಸ್ಸಿಯಲ್ಲಿ ನವದಂಪತಿ ಅದೇ ತಿಂಗಳು ಬ್ಯಾನ್ಬರಿಯಿಂದ ಹೊರಟರು. ಆಕ್ಸ್‌ಫರ್ಡ್ ಕಾಲುವೆ ಬಿಟ್ಟು ಲೆಸ್ಟರ್ ದಾಟಿ, ಸೋರ್ ಮತ್ತು ಟ್ರೆಂಟ್ ನದಿಗಳ ಮೂಲಕ ಮತ್ತೆ ಕಾಲುವೆ ಸೇರಿದರು. ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು. ಈ ಪಯಣದ ವೃತ್ತಾಂತವನ್ನು ಹಲವು ಪ್ರಕಾಶಕರು ತಿರಸ್ಕರಿಸಿದರು. ಕೊನೆಗೆ 1944ರಲ್ಲಿ 'ನ್ಯಾರೋ ಬೋಟ್' ಹೆಸರಿನಲ್ಲಿ ಪ್ರಕಟವಾದಾಗ ಓದುಗರು ಅದನ್ನು ಕೈಬಿಡದೆ ಮೆಚ್ಚಿಕೊಂಡರು.

ಪುಸ್ತಕ ಓದಿ ಪ್ರಭಾವಿತರಾದ ರಾಬರ್ಟ್ ಐಕ್‌ಮನ್ 1945ರಲ್ಲಿ ರೋಲ್ಟ್ ಅವರನ್ನು ಭೇಟಿಯಾದರು. ಮರುವರ್ಷವೇ ಒಳನಾಡು ಜಲಮಾರ್ಗಗಳ ಸಂಘ ಅಸ್ತಿತ್ವಕ್ಕೆ ಬಂತು. 1947ರಲ್ಲಿ ಸ್ಟ್ರಾಟ್‌ಫರ್ಡ್ ಕಾಲುವೆಯ ಲಿಫರ್ಡ್ ಬಳಿ ದಾರಿಗಡ್ಡವಾಗಿದ್ದ ತಗ್ಗಿನ ಸೇತುವೆಯನ್ನು ರೈಲ್ವೆ ಕಂಪನಿಯಿಂದಲೇ ಮೇಲೆತ್ತಿಸಿ, ರೋಲ್ಟ್ ಕ್ರೆಸ್ಸಿಯನ್ನು ದಾಟಿಸಿದರು. ಸಂಚಾರದ ಹಕ್ಕು ಕಾಗದದಲ್ಲಷ್ಟೇ ಉಳಿಯಬಾರದು ಎಂಬುದು ಅವರ ಹಟವಾಗಿತ್ತು.

ಆದರೆ ಮಿತ್ರರ ನಡುವೆ ಬಿರುಕು ಮೂಡಿತು. ಎಲ್ಲ ಕಾಲುವೆಗಳೂ ಉಳಿಯಬೇಕೆಂಬುದು ಐಕ್‌ಮನ್ ನಿಲುವು. ಸರಕು ಸಾಗಣೆ ಮತ್ತು ಅದನ್ನೇ ನೆಚ್ಚಿದ ದೋಣಿ ಕುಟುಂಬಗಳ ಬದುಕು ಮೊದಲು ಉಳಿಯಬೇಕೆಂಬುದು ರೋಲ್ಟ್ ನಿಲುವು. 1951ರಲ್ಲಿ ತಾವೇ ಕಟ್ಟಿದ ಸಂಘದಿಂದ ಅವರು ಉಚ್ಚಾಟಿತರಾದರು. ಅದೇ ವರ್ಷ ಪತ್ನಿ ದೂರವಾದರು. ಮರ ಕೊಳೆತಿದ್ದ ಕ್ರೆಸ್ಸಿಯನ್ನೂ ತೊರೆಯಬೇಕಾಯಿತು.

ರೋಲ್ಟ್ ಎದೆಗುಂದಲಿಲ್ಲ. ವೇಲ್ಸ್‌ನ ಟಾಲಿಲಿನ್ ಕಿರುರೈಲನ್ನು ಸ್ವಯಂಸೇವಕರ ನೆರವಿನಿಂದ ಅದೇ 1951ರಲ್ಲಿ ಓಡಿಸಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಮಾರ್ಗ ಅದು. 1957ರಲ್ಲಿ ಬಂದ ಎಂಜಿನಿಯರ್ ಬ್ರುನೆಲ್ ಅವರ ಜೀವನಚರಿತ್ರೆ ಅವರಿಗೆ ಅಪಾರ ಕೀರ್ತಿ ತಂದಿತು. ಹಿಂದೆ ಸರಕು ದೋಣಿಯಲ್ಲಿ ದುಡಿದಿದ್ದ ಸೋನಿಯಾ ಅವರ ಎರಡನೇ ಪತ್ನಿ. 1974ರ ಮೇ 9ರಂದು ರೋಲ್ಟ್ ನಿಧನರಾದರು.

1963ರಲ್ಲಿ ಸರ್ಕಾರಿ ಮಂಡಳಿ ನ್ಯಾರೋಬೋಟ್ ಸರಕು ಸಾಗಣೆಯನ್ನು ಬಹುತೇಕ ಕೈಬಿಟ್ಟಿತು. ಕಾಲುವೆಗಳು ಉಳಿದವು. ಆದರೆ ರೋಲ್ಟ್ ಯಾರ ಪರವಾಗಿ ನಿಂತಿದ್ದರೋ ಆ ದೋಣಿ ಕುಟುಂಬಗಳು ದಡ ಸೇರಿ, ಬೇರೆ ಉದ್ಯೋಗ ಹುಡುಕಿಕೊಂಡವು.