ಕೈರಾನದ ಖಾನ್‌ಸಾಹೇಬರು, ಮಿರಜದ ಮಣ್ಣು

ಅಕ್ಕನ ಕಾಲಿನ ಆಪರೇಶನ್ನಿಗೆಂದು ಹೋಗಿ ಮಿರಜದಲ್ಲಿ ಹನ್ನೆರಡು ದಿನ ಇದ್ದೆ. ಸಿಂಧನೂರು ಕಡೆಯ ನಮಗೂ ಮಿರಜ ಅಂದರೆ ದವಾಖಾನೆಯ ಊರೇ. ಒಂದು ಮಧ್ಯಾಹ್ನ ಹೊತ್ತು ಹೋಗದೆ ಮೀರಾಸಾಹೇಬರ ದರ್ಗಾಕ್ಕೆ ಹೋದೆ. ಉಸ್ತಾದ್ ಅಬ್ದುಲ್ ಕರೀಂ ಖಾನರನ್ನು ಮಣ್ಣು ಮಾಡಿದ್ದು ಅಲ್ಲೇ. ಅಲ್ಲಿ ಕುಂತಾಗ ಯಾಕೋ ನಮ್ಮಪ್ಪ ನೆನಪಾದ.

ತುಂಗಭದ್ರಾ ಕಾಲುವೆ ನೀರು ನಂಬಿ ಗೋದಾವರಿ ಸೀಮೆಯಿಂದ ಬಂದು ಕ್ಯಾಂಪು ಕಟ್ಟಿದವರಲ್ಲಿ ಅವನೂ ಒಬ್ಬ. ನಲವತ್ತು ವರುಷ ಇಲ್ಲೇ ಭತ್ತ ಬೆಳೆದ. ಆದರೂ ಊರಿಗೆ ಹೋಗಿ ಬರ್ತೀನಿ ಅಂತ ಚೀಲ ಹಿಡಿದರೆ ಅದು ಗೋದಾವರಿ ದಂಡೆಗೇ.

ಖಾನ್‌ಸಾಹೇಬರು ಬಂದದ್ದು ಅದಕ್ಕಿಂತ ದೂರದಿಂದ. ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನದಲ್ಲಿ. ಹರೆಯದಲ್ಲಿ ಬರೋಡಾ ಆಸ್ಥಾನದ ಗಾಯಕರಾದರು. ಅಲ್ಲಿ ತಾರಾಬಾಯಿಯವರನ್ನು ಮೆಚ್ಚಿ, ಇಬ್ಬರೂ ಬರೋಡಾ ಬಿಟ್ಟರು. ಮುಂಬಯಿ ಆಯಿತು, ಆಮೇಲೆ ಮಿರಜ. ಪ್ಲೇಗು ಬಡಿದಾಗ ದರ್ಗಾಕ್ಕೆ ಹರಕೆ ಹೊತ್ತು ಗುಣವಾದರು, ಅಂದಿನಿಂದ ಈ ಊರಿಗೆ ಅಂಟಿಕೊಂಡರು ಎಂದು ಹೇಳುತ್ತಾರೆ. ಮಿರಜವೇನು ಸಾಮಾನ್ಯ ಊರೇ? ಸಿತಾರ, ತಂಬೂರಿ ಮಾಡುವವರ ಓಣಿಯೇ ಅಲ್ಲಿದೆ. ಖಾನ್‌ಸಾಹೇಬರಿಗೂ ವಾದ್ಯ ರಿಪೇರಿಯ ಕೈಗುಣವಿತ್ತು. ಇಂಥವರಿಗೆ ಇನ್ನೆಲ್ಲಿ ಮನಸ್ಸು ನಿಂತೀತು!

ಮನೆ ಮಿರಜದಲ್ಲಾದರೂ ಕಾಲು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಹುಬ್ಬಳ್ಳಿ, ಧಾರವಾಡಕ್ಕೆ ಬಂದರು, ಕುಂದಗೋಳದ ನಾಡಿಗೇರ ವಾಡೆಯಲ್ಲಿ ಉಳಿದರು. ಆ ಸೀಮೆಯ ಹುಡುಗ ರಾಮಭಾವು ಅವರ ಶಿಷ್ಯನಾಗಿ ಮುಂದೆ ಸವಾಯಿ ಗಂಧರ್ವರಾದರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಘರಾಣೆಗೆ ಬಿಟ್ಟು ಬಂದ ಊರಿನ ಹೆಸರು, ಕಿರಾಣಾ. ಬೆಳೆ ಬಂದದ್ದು ಮಾತ್ರ ನಮ್ಮ ಕರಿನೆಲದಲ್ಲಿ.

ಮೈಸೂರು ಅರಮನೆಯಲ್ಲಿ ಹಾಡಲು ಹೋದವರು ಬರಿಗೈಲಿ ಬರಲಿಲ್ಲ. ಕರ್ನಾಟಕ ಸಂಗೀತದವರ ಸ್ವರ ಹಾಕುವ ರೀತಿ ಅವರಿಗೆ ಹಿಡಿಸಿತು, ತಮ್ಮ ಹಾಡಿಕೆಯೊಳಗೆ ತಂದರು. ಉತ್ತರದ ಗಾಯಕರು ಆಗ ದಕ್ಷಿಣಕ್ಕೆ ಅಷ್ಟು ಕಿವಿ ಕೊಡುತ್ತಿರಲಿಲ್ಲ. ಇವರೋ ಕಲಿಸಲೂ ಬಂದರು, ಕಲಿಯಲೂ ಕುಂತರು. ನಮ್ಮಪ್ಪ ಅಷ್ಟು ಕಲಿಯಲಿಲ್ಲ ಅನ್ನಿಸಿ ಆವತ್ತು ಹೊಟ್ಟೆಯೊಳಗೆ ಚುರುಕ್ ಅಂತು.

ಅವರಿಗೂ ಎಲ್ಲ ನೆಟ್ಟಗಾಗಲಿಲ್ಲ. 1922ರಲ್ಲಿ ತಾರಾಬಾಯಿ ಮಕ್ಕಳನ್ನು ಕರಕೊಂಡು ಬೇರೆಯಾದರು. ಆ ಮಕ್ಕಳು ತಂದೆಯ ಹೆಸರು ಇಟ್ಟುಕೊಳ್ಳಲಿಲ್ಲ. ಹೀರಾಬಾಯಿ ಬಡೋದೇಕರ್, ಸುರೇಶಬಾಬು ಮಾನೆ ಅಂತಲೇ ದೊಡ್ಡವರಾದರು. ಹಾಡಿಕೆ ಮಾತ್ರ ತಂದೆಯದೇ.

1937ರ ಅಕ್ಟೋಬರ 27. ಪಾಂಡಿಚೇರಿಗೆ ಹೊರಟವರಿಗೆ ರೈಲಿನಲ್ಲೇ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಸ್ಟೇಶನ್ನಿನಲ್ಲಿ ಇಳಿದರು. ಫ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಚ್ಚಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ಕಾನಡಾದಲ್ಲಿ ದೇವರನ್ನು ನೆನೆದು ಕಣ್ಮುಚ್ಚಿದರು ಎನ್ನುತ್ತಾರೆ. ದೇಹವನ್ನು ಕೈರಾನಕ್ಕಲ್ಲ, ಮಿರಜಕ್ಕೆ ತಂದರು. ಉರುಸಿನಲ್ಲಿ ಈಗಲೂ ಅವರ ನೆನಪಿಗೆ ರಾತ್ರಿಯೆಲ್ಲ ಸಂಗೀತ.

ಅವರು ಹಾಡಿದ ತ್ಯಾಗರಾಜರ ಖರಹರಪ್ರಿಯ ಕೃತಿಯೊಂದರ ರಿಕಾರ್ಡು ಉಳಿದಿದೆ. ತೆಲುಗು, ನನ್ನ ತಾಯಿನುಡಿ. ಸಂಜೆ ವಾರ್ಡಿನಲ್ಲಿ ಅಕ್ಕನಿಗೆ ಮೊಬೈಲಿನಲ್ಲಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ನಾಯ್ನ ಸಂತೆಯಲ್ಲಿ ಕನ್ನಡ ಮಾತಾಡಿದಂಗೇ ಇದೆ ಈತನ ತೆಲುಗು ಅಂತ ನಕ್ಕು, ಇನ್ನೊಂದು ಸಲ ಹಚ್ಚು ಅಂದಳು.